ಜಲ್ಲಿ ಲೈನಿನಲ್ಲಿ ನಾನೂರ ಹನ್ನೆರಡು ಹೆಜ್ಜೆ

ಜಿಯಾವುಲ್ಲಾ ಅವರ ಮುಖಕ್ಕಿಂತ ಅವರ ಬೆನ್ನು ನನಗೆ ಹೆಚ್ಚು ಪರಿಚಿತ. ಹನ್ನೊಂದು ವರ್ಷಗಳ ಕಾಲ, ಶಾಲೆಯಿದ್ದ ದಿನಗಳಲ್ಲೆಲ್ಲ, ಆ ಬೆನ್ನನ್ನು ನೋಡುತ್ತಲೇ ನಾನು ನಾಲ್ಕೂವರೆ ಕಿಲೋಮೀಟರು ನಡೆದಿದ್ದೇನೆ. ಖಾಕಿ ಅಂಗಿ, ಬಲಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಎಡಹೆಗಲಿಗೆ ಕ್ಯಾನ್ವಾಸ್ ಚೀಲ, ಚೀಲದಿಂದ ಇಣುಕುವ ಕೆಂಪು ಹಸಿರು ಬಾವುಟಗಳ ಕೋಲು. ಅಂಗಿಯ ಬೆನ್ನಿನಲ್ಲಿ ಒಂದು ಕಡೆ ಹರಿದು ಹೊಲಿದ ಗುರುತಿತ್ತು. ಆ ಹೊಲಿಗೆಯ ಆಕಾರವನ್ನು ಇವತ್ತಿಗೂ ಕಾಗದದ ಮೇಲೆ ಬರೆದು ತೋರಿಸಬಲ್ಲೆ.

ಐದು ವರ್ಷಗಳ ಹಿಂದೆ ಆರ್.ಟಿ. ನಗರದ ಅಂಗಡಿ ಬೀದಿಯಲ್ಲಿ ಹೂವು ಕೊಂಡು ಬರುತ್ತಿದ್ದೆ. ಮುಂದೆ ಬಿಳಿ ಜುಬ್ಬಾದ ಹಿರಿಯರೊಬ್ಬರು ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದು ನಡೆಯುತ್ತಿದ್ದರು. ಕಾಲುದಾರಿಯ ಕಲ್ಲುಗಳು ಎದ್ದು ಬಿದ್ದು ಹೇಗೆ ಬೇಕೋ ಹಾಗಿದ್ದವು. ಆದರೂ ಅವರ ಹೆಜ್ಜೆಗಳು ಅಳತೆಗೋಲಿಟ್ಟ ಹಾಗೆ ಒಂದೇ ಸಮನಾಗಿ ಬೀಳುತ್ತಿದ್ದವು. ನಾನೂ ನನಗರಿವಿಲ್ಲದೆ ಅದೇ ಹೆಜ್ಜೆ ಹಾಕುತ್ತ ಬಸ್ಸು ಹತ್ತಬೇಕಾದ ನಿಲ್ದಾಣವನ್ನು ದಾಟಿ ಬಹಳ ದೂರ ಹೋಗಿಬಿಟ್ಟಿದ್ದೆ. ಆಗ ಹೊಳೆಯಿತು.

"ಕೀಮ್ಯಾನ್ ಸಾಹೇಬ್ರೇ!" ಎಂದು ಕೂಗಿದೆ.

ಅವರು ಮೊದಲು ನಿಂತರು. ಆಮೇಲೆ ನಿಧಾನವಾಗಿ ತಿರುಗಿ, ಕಣ್ಣು ಕಿರಿದು ಮಾಡಿ ನೋಡಿ, "ಏನ್ ಟೀಚರಮ್ಮ, ಇವತ್ತು ಸ್ಕೂಲ್ ಇಲ್ವಾ?" ಎಂದರು. ಇಪ್ಪತ್ತನಾಲ್ಕು ವರ್ಷಗಳ ಮೇಲೆ ಸಿಕ್ಕಿದವರು ಆಡಿದ ಮೊದಲ ಮಾತು ಅದು.

ಕೀಮ್ಯಾನ್ ಎಂದರೆ ಯಾರೆಂದು ಈಗಿನವರಿಗೆ ಹೇಳಬೇಕಾದೀತು. ರೈಲಿನ ಹಳಿಯನ್ನು ಅದರ ಕೆಳಗೆ ಅಡ್ಡಲಾಗಿ ಹಾಸಿದ ಸ್ಲೀಪರುಗಳಿಗೆ ಬಿಗಿದು ಹಿಡಿದಿರುವ ಕಬ್ಬಿಣದ ಬೆಣೆಗೆ ಕೀ ಎನ್ನುತ್ತಾರೆ. ಗಾಡಿ ಓಡಿದಂತೆಲ್ಲ ಅದು ಸಡಿಲವಾಗಿ ಹೊರಗೆ ಜಾರುತ್ತದೆ. ಕೀಮ್ಯಾನ್ ತನಗೆ ಗೊತ್ತುಮಾಡಿದ ದಾರಿಯುದ್ದಕ್ಕೂ ದಿನವೂ ನಡೆದು, ಜಾರಿದ ಕೀಗಳನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಕು. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ಜಿಯಾವುಲ್ಲಾ ಅವರ ಪಾಲಿಗೆ ಬಂದದ್ದು ಜಲ್ಲಿ ಲೈನು. ಯಲಹಂಕದ ಆಚೆ ಮುಖ್ಯ ಹಳಿಯಿಂದ ಕವಲೊಡೆದು ಬಂಡೆಪಾಳ್ಯದ ಕಲ್ಲುಕ್ವಾರಿಯವರೆಗೆ ಹೋಗುತ್ತಿದ್ದ ಪುಟ್ಟ ಲೈನು ಅದು. ಜಲ್ಲಿ ತುಂಬಿದ ಗೂಡ್ಸ್ ಗಾಡಿಯೊಂದನ್ನು ಬಿಟ್ಟರೆ ಬೇರೆ ಗಾಡಿ ಅದರ ಮೇಲೆ ಓಡಿದ್ದನ್ನು ನಾನು ಕಾಣೆ.

ನನಗೆ ಮೊದಲು ಕೆಲಸವಾದದ್ದು ಅದೇ ಬಂಡೆಪಾಳ್ಯದ ಪ್ರಾಥಮಿಕ ಶಾಲೆಯಲ್ಲಿ. ೧೯೮೪ರ ಜೂನ್ ತಿಂಗಳು. ಯಶವಂತಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಯಲಹಂಕಕ್ಕೆ ಬಂದರೆ ಊರಿಗೆ ಬಸ್ಸು ಹನ್ನೊಂದು ಗಂಟೆಗೆ. ಶಾಲೆ ಒಂಬತ್ತಕ್ಕೆ. "ಎಲ್ಲರೂ ಲೈನ್ ಮೇಲೇ ಬರ್ತಾರಮ್ಮ, ನೀವೂ ಬನ್ನಿ" ಎಂದು ಮುಖ್ಯೋಪಾಧ್ಯಾಯರು ಸಲೀಸಾಗಿ ಹೇಳಿದ್ದರು. ಲೈನು ಕವಲೊಡೆಯುವ ಗೇಟಿನ ಬಳಿ ಬಂದು ನೋಡಿದರೆ ಮುಂದೆ ಒಂದು ನರಪಿಳ್ಳೆಯೂ ಇಲ್ಲ. ಇದ್ದವರು ಹುಣಸೇಮರದ ಕೆಳಗೆ ಬೆಳಿಗ್ಗೆಯೇ ಕುಡಿದು ಕುಳಿತಿದ್ದ ಇಬ್ಬರು. ನನಗೆ ಇಪ್ಪತ್ತಮೂರು ವರ್ಷ. ಕಾಲು ಮುಂದೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ.

ಆಗ ಸುತ್ತಿಗೆ ಹೊತ್ತು ಜಿಯಾವುಲ್ಲಾ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು.

"ಬಂಡೆಪಾಳ್ಯದ ಸ್ಕೂಲಿಗೆ ಇದೇ ದಾರೀನಾ?" ಎಂದು ಕೇಳಿದೆ.

"ಇದೇ. ನಾನೂ ಅಲ್ಲಿಗೇ ಹೋಗೋದು. ನೀವು ಹಿಂದೆ ಬನ್ನಿ. ಇಪ್ಪತ್ತು ಸ್ಲೀಪರ್ ಬಿಟ್ಟು ಬನ್ನಿ" ಎಂದವರೇ ನಡೆದುಬಿಟ್ಟರು.

ಎಂಥ ಒರಟು ಮನುಷ್ಯ ಎಂದುಕೊಂಡೆ. ಇಪ್ಪತ್ತು ಸ್ಲೀಪರ್ ಯಾಕೆಂದು ತಿಳಿಯಲು ನನಗೆ ತಿಂಗಳುಗಳೇ ಹಿಡಿದವು. ಇಬ್ಬರೂ ಜೊತೆಯಲ್ಲಿ ಬಂದರೆಂದು ಊರಿನ ಯಾವ ಬಾಯಿಯೂ ಆಡಬಾರದು, ಆದರೆ ನಾನು ಕೂಗಿದರೆ ಅವರಿಗೆ ಕೇಳಿಸಬೇಕು. ಅಷ್ಟು ದೂರ ಅದು. ಲೈನು ಎರಡು ಕಡೆ ತಿರುಗುತ್ತಿತ್ತು. ತಿರುವಿನಲ್ಲಿ ಅವರು ಮರೆಯಾದಾಗ ಮುಂದಿನಿಂದ ಟಣ್, ಟಣ್, ಟಣ್ ಎಂದು ಮೂರು ಸಲ ಸುತ್ತಿಗೆಯ ಸದ್ದು ಬರುತ್ತಿತ್ತು. ಅಲ್ಲಿ ಕೀಗಳು ಹೆಚ್ಚು ಜಾರುತ್ತವೆಯೇನೋ ಎಂದು ನಾನು ತಿಳಿದಿದ್ದೆ. ಆ ಸದ್ದು ಕೇಳಿದರೆ ಸಾಕು, ಮಂಜಿರಲಿ, ಮಳೆಯಿರಲಿ, ಧೈರ್ಯವಾಗಿ ನಡೆಯುತ್ತಿದ್ದೆ.

ಹನ್ನೊಂದು ವರ್ಷಗಳಲ್ಲಿ ನಾವು ಆಡಿದ ಮಾತು ನೂರು ವಾಕ್ಯವಾದರೆ ಹೆಚ್ಚು. "ಟೀಚರಮ್ಮ, ಎಡಗಡೆ ನೋಡ್ಬೇಡಿ" ಎಂದು ಒಮ್ಮೆ ಹೇಳಿದ್ದರು. ನಾನು ಕೂಡಲೇ ಎಡಗಡೆ ನೋಡಿದೆ. ನಾಗರಹಾವು ಬಿಸಿಲಿಗೆ ಮೈಚಾಚಿತ್ತು. "ಹೇಳಿದ್ನಲ್ಲ ನೋಡ್ಬೇಡಿ ಅಂತ!" ಎಂದು ಬೈದರು. ೧೯೯೫ರಲ್ಲಿ ನನಗೆ ಹೆಬ್ಬಾಳದ ಶಾಲೆಗೆ ವರ್ಗವಾಯಿತು. ಕಡೆಯ ದಿನ ಗೇಟಿನ ಬಳಿ, "ನಾಳೆಯಿಂದ ನಾನು ಬರೋದಿಲ್ಲ" ಎಂದೆ. "ಸರಿ ಟೀಚರಮ್ಮ" ಎಂದು ಮುಂದೆ ನಡೆದರು. ಅವತ್ತು ತಿರುವಿನಲ್ಲಿ ಸುತ್ತಿಗೆ ಮೂರು ಸಲಕ್ಕೆ ನಿಲ್ಲಲಿಲ್ಲ. ನಾನು ಅವರಿಗೆ ಉಪಕಾರವಾಯಿತೆಂದು ಒಂದು ಮಾತನ್ನೂ ಹೇಳಲಿಲ್ಲ. ದಿನವೂ ತಮ್ಮ ಕೆಲಸಕ್ಕೆ ತಾವು ನಡೆದುಹೋಗುವವರಿಗೆ ಏನೆಂದು ಹೇಳುವುದು? ಆ ಮಾತು ನನ್ನಲ್ಲೇ ಉಳಿದುಹೋಯಿತು.

ಮೂರು ವರ್ಷಕ್ಕೆ ಕ್ವಾರಿ ಮುಚ್ಚಿತು, ಲೈನೂ ನಿಂತಿತು. ಹಳಿಗಳನ್ನು ಯಾರೂ ಕಿತ್ತುಕೊಂಡು ಹೋಗಲಿಲ್ಲ. ಮಣ್ಣು ಬಂದು ಮುಚ್ಚಿತು, ಗಿಡ ಬಂದು ನೆರಳು ಮಾಡಿತು. ಜಿಯಾವುಲ್ಲಾ ಯಲಹಂಕದ ಮುಖ್ಯ ಲೈನಿನಲ್ಲಿ ಕೆಲಸ ಮಾಡಿ ನಿವೃತ್ತರಾದರು.

ಆರ್.ಟಿ. ನಗರದಲ್ಲಿ ಮತ್ತೆ ಸಿಕ್ಕ ಮೇಲೆ, ಕೊರೊನಾ ಕಳೆದ ಮೇಲೆ, ನಮ್ಮ ಭಾನುವಾರದ ನಡಿಗೆ ಶುರುವಾಯಿತು. ನಾನು ಕೆಂಪಾಪುರದಿಂದ, ಅವರು ಆರ್.ಟಿ. ನಗರದಿಂದ ಬಸ್ಸಿನಲ್ಲಿ ಯಲಹಂಕಕ್ಕೆ ಬರುವುದು, ಗೇಟಿನಿಂದ ಬಂಡೆಪಾಳ್ಯದವರೆಗೆ ನಡೆಯುವುದು, ಅಲ್ಲಿ ಹಿಂದೆ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ ಪಂಚಪ್ಪನವರ ಚಹಾ ಅಂಗಡಿಯಲ್ಲಿ ಕುಳಿತು ವಾಪಸಾಗುವುದು. ಬರುವಾಗ ಬಸ್ಸು ಹತ್ತೋಣವೆಂದರೆ ಅವರು ಒಪ್ಪುತ್ತಿರಲಿಲ್ಲ. "ಆ ಕಡೆ ಹಳಿ ಯಾರು ನೋಡ್ತಾರೆ?" ಎನ್ನುತ್ತಿದ್ದರು. ಅವರು ಮುಂದೆ, ನಾನು ಹಿಂದೆ. ಇಪ್ಪತ್ತು ಸ್ಲೀಪರಿನ ಅಂತರ ಹಾಗೆಯೇ. ಊರ ಬಾಯಿಯ ಭಯ ಈಗ ನಮಗೇನಿಲ್ಲ. ಆದರೆ ಆ ದಾರಿಯಲ್ಲಿ ಬೇರೆ ರೀತಿ ನಡೆಯಲು ನಮ್ಮಿಬ್ಬರಿಗೂ ಬರುವುದಿಲ್ಲ.

ಕಳೆದ ಜುಲೈ ತಿಂಗಳಿನಲ್ಲಿ ಜಿಯಾವುಲ್ಲಾ ತಮ್ಮ ಮನೆಯ ಮೆಟ್ಟಿಲಿನಲ್ಲಿ ಜಾರಿ ಬಲಗಾಲಿನ ಹರಡು ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ಆಮೇಲೆ ಎರಡು ತಿಂಗಳು ಮನೆಯೊಳಗೆ. ಅವರ ಸೊಸೆ ಅಸ್ಮಾ ಬ್ಯಾಟರಾಯನಪುರದ ಒಂದು ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕೆಲಸಕ್ಕೆ ಹೋಗುವ ಮುಂಚೆ, ಬಂದ ಮೇಲೆ, ಮಾವನನ್ನು ಎತ್ತಿ ಕೂರಿಸಿ ನಡೆಸಿದವಳು ಅವಳೇ. ಗಂಡ ರಿಯಾಜ್‌ಗೆ ಊರೂರು ತಿರುಗುವ ಕೆಲಸ. ಕಾಲು ಗುಣವಾಗಿ ಜಿಯಾವುಲ್ಲಾ ಮತ್ತೆ ಭಾನುವಾರದ ಮಾತೆತ್ತಿದಾಗ ಅಸ್ಮಾ ಬೇಡವೆಂದಳು. ನಾನು ನೋಡಲು ಹೋದ ದಿನ ಮನೆಯಲ್ಲಿ ಅದೇ ಮಾತು ನಡೆದಿತ್ತು.

"ಪಾರ್ಕಲ್ಲಿ ನಡೀರಿ ಅಬ್ಬಾ. ಟೈಲ್ಸ್ ಹಾಕಿದ್ದಾರೆ, ಬೆಂಚಿದೆ. ಆ ಕಾಡಲ್ಲಿ ಬಿದ್ರೆ ಎತ್ಕೊಂಡ್ ಬರೋರ್ಯಾರು? ಆಂಟಿ ಎತ್ತಾರಾ?" ಎಂದು ನನ್ನ ಕಡೆ ಕೈ ತೋರಿಸಿದಳು.

"ಪಾರ್ಕಲ್ಲಿ ಗಾಣದೆತ್ತಿನ ಥರ ಸುತ್ತಬೇಕು. ಹೋದ ಕಡೆಗೇ ಮತ್ತೆ ಮತ್ತೆ ಹೋಗೋದು ನಡಿಗೇನಾ?" ಎಂದರು ಜಿಯಾವುಲ್ಲಾ.

ಅವರ ಹೆಂಡತಿ ಫಖ್ರುನ್ನೀಸಾ ಮಂಡಿನೋವಿನವರು, ಮಂಚದ ಮೇಲೆ ಕುಳಿತೇ ಮನೆಯನ್ನು ಆಳುವವರು. "ಇವ್ರು ಹಳಿ ಮೇಲೆ ಮೂವತ್ತು ವರ್ಷ ನಡ್ದು ಒಂದಿನ ಬೀಳ್ಲಿಲ್ಲ. ಬಿದ್ದಿದ್ದು ಮನೆ ಮೆಟ್ಲ ಮೇಲೆ. ಹಂಗಾದ್ರೆ ಮನೇಗೇ ಬರ್ಬೇಡಿ ಅನ್ನು" ಎಂದರು. ನಗದೇ ಇದ್ದವಳು ಅಸ್ಮಾ ಒಬ್ಬಳೇ.

ಕೊನೆಗೆ ಅವಳೇ, ಮೂಲೆಗೆ ಒರಗಿಸಿದ್ದ ಮಾವನ ನಡಿಗೆಯ ಕೋಲನ್ನು ಕೈಗೆತ್ತಿಕೊಂಡು, ಒಂದು ಷರತ್ತು ಹಾಕಿದಳು. "ಒಂದೇ ಸಲ. ನಾನೂ ಜೊತೇಲಿ ಬರ್ತೀನಿ. ನೀವು ಎಲ್ಲೂ ಬೀಳಬಾರ್ದು, ಎಲ್ಲೂ ದಾರಿ ತಪ್ಪಬಾರ್ದು. ಹಾಗೆ ಹೋಗಿ ಬಂದ್ರೆ ಭಾನುವಾರ ನಿಮ್ದು, ನಾನು ಕೇಳಲ್ಲ. ಇಲ್ದಿದ್ರೆ ಈ ಕೋಲು ಅಟ್ಟದ ಮೇಲೆ. ಮತ್ತೆ ಲೈನ್ ಅನ್ನೋ ಮಾತು ಈ ಮನೇಲಿ ಬರಬಾರ್ದು."

"ಆ ದಾರೀಲಿ ನಾನು ತಪ್ಪೋದಾ?" ಎಂದು ಜಿಯಾವುಲ್ಲಾ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಮಂಚದಿಂದ ಅಡುಗೆಮನೆಯ ಬಾಗಿಲಿಗೆ ಅವರು ನಡೆದುಹೋದ ರೀತಿಯಲ್ಲಿ ಏನೋ ಬದಲಾಗಿತ್ತು. ಏನೆಂದು ಹೇಳಲು ಆಗ ತಿಳಿಯಲಿಲ್ಲ.

ನವೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಏಳೂವರೆಗೆ ಮೂವರೂ ಗೇಟಿನ ಬಳಿ ಸೇರಿದೆವು. ಈಗ ಅಲ್ಲಿ ಗೇಟಿಲ್ಲ, ಅಪಾರ್ಟ್‌ಮೆಂಟೊಂದರ ಹಿಂಗೋಡೆಯಿದೆ. ಅಸ್ಮಾ ಹೊಸ ಶೂ ಹಾಕಿ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಬಂದಿದ್ದಳು. ಬೆನ್ನಿನ ಚೀಲದಲ್ಲಿ ಕ್ರೇಪ್ ಬ್ಯಾಂಡೇಜು, ನೋವಿನ ಸ್ಪ್ರೇ, ಸಕ್ಕರೆ ಉಪ್ಪಿನ ಪುಡಿ, ಇನ್ನೂ ಏನೇನೋ.

"ಅಂಗಡೀನೇ ಹೊತ್ಕೊಂಡ್ ಬಂದಿದೀಯಲ್ಲ ಬೇಟಿ" ಎಂದರು ಜಿಯಾವುಲ್ಲಾ. ಅವರ ಕೈಯಲ್ಲಿದ್ದದ್ದು ತುದಿಗೆ ಕಬ್ಬಿಣದ ಬಳೆ ಹಾಕಿಸಿದ ಒಂದು ಬಿದಿರು ಕೋಲು ಮಾತ್ರ. ಸುತ್ತಿಗೆಯನ್ನು ನಿವೃತ್ತಿಯ ದಿನವೇ ಇಲಾಖೆಗೆ ಒಪ್ಪಿಸಿದ್ದರು.

ಗೋಡೆ ಮುಗಿದ ಮೇಲೆ ಹಸಿರು ಶುರು. ನಾಲ್ಕು ತಿಂಗಳು ನಾವು ನಡೆಯದೆ ಇದ್ದದ್ದನ್ನು ದಾರಿ ತಿಳಿದುಕೊಂಡಂತಿತ್ತು. ಹಿಂದೆ ನಮ್ಮ ಕಾಲಿನಿಂದಲೇ ಸವೆದು ಕಾಣುತ್ತಿದ್ದ ಸಣ್ಣ ಜಾಡು ಪೂರ್ತಿ ಮುಚ್ಚಿಹೋಗಿತ್ತು. ಒಂದು ಹಳಿ ಮಣ್ಣಿನೊಳಗೆ ಎಂದೋ ಹೂತುಹೋಗಿದೆ. ಇನ್ನೊಂದರ ಬೆನ್ನು ಹುಲ್ಲಿನ ನಡುವೆ ಅಲ್ಲಲ್ಲಿ ಕಾಣುತ್ತದೆ. ಸ್ಲೀಪರುಗಳು, ಹಳಿ ಹಳಿ ಸೇರುವ ಕಡೆಯ ಪಟ್ಟಿಗಳು, ಎಲ್ಲ ಮಣ್ಣಿನ ಕೆಳಗೆ. ಎರಡೂ ಬದಿಗೆ ಲಾಂಟಾನ, ತಂಗಡಿಯ ಹಳದಿ ಹೂವು, ಬಂದರಿಕೆ ಗಿಡ. ಗ್ಯಾಂಗಿನವರು ತಿಂದು ಉಗುಳಿದ ಬೀಜಗಳಿಂದ ಎದ್ದ ಸೀತಾಫಲದ ಗಿಡಗಳಂತೂ ಲೆಕ್ಕವಿಲ್ಲ. ಹಕ್ಕಿಗಳು ಕೊರೆದ ಹಣ್ಣುಗಳ ವಾಸನೆ ದಾರಿಯುದ್ದಕ್ಕೂ. ಯಲಹಂಕದ ವಾಯುನೆಲೆಯಿಂದ ಎದ್ದ ವಿಮಾನವೊಂದು ತಲೆಯ ಮೇಲೆ ಆರ್ಭಟಿಸಿ ಹೋದಾಗ ಪೊದೆಯಿಂದ ಕೌಜುಗಗಳ ಹಿಂಡು ಬುರ್ರೆಂದು ಎದ್ದಿತು. ಅಸ್ಮಾ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ನಾಚಿ ಬಿಟ್ಟಳು. ಅವಳ ಸಲ್ವಾರಿನ ತುಂಬ ಉತ್ತರಾಣಿ ಬೀಜ ಮೆತ್ತಿಕೊಂಡಿತ್ತು.

ಮೊದಲ ತಿರುವಿನ ಹತ್ತಿರ ಜಿಯಾವುಲ್ಲಾ ನಿಂತು, "ಟೀಚರಮ್ಮ, ಇಲ್ಲೇ ಅಲ್ವಾ?" ಎಂದರು.

"ಏನಾಯ್ತು ಇಲ್ಲಿ?" ಎಂದು ಅಸ್ಮಾ ಕೇಳಿದಳು. ನಾನೇ ಹೇಳಿದೆ. ಒಂದು ಡಿಸೆಂಬರ್ ಬೆಳಿಗ್ಗೆ, ಎದುರಿನ ಕೈ ಕಾಣದಷ್ಟು ಮಂಜಿನಲ್ಲಿ, ಅವರು ಆ ಜಾಗದಲ್ಲಿ ಬಿರುಕು ಬಿಟ್ಟ ಹಳಿಯನ್ನು ಕಂಡಿದ್ದರು. ಗಾಡಿ ಬರುವ ಹೊತ್ತು. ಕೆಂಪು ಬಾವುಟ ಹಿಡಿದು ಕ್ವಾರಿಯ ಕಡೆಗೆ ಓಡಿ, ಚಕ್ರ ಹತ್ತಿದರೆ ಸಿಡಿದು ಡ್ರೈವರನ್ನು ಎಚ್ಚರಿಸುವ ಪಟಾಕಿಯನ್ನು ಹಳಿಯ ಮೇಲೆ ಕಟ್ಟಿ ಗಾಡಿಯನ್ನು ನಿಲ್ಲಿಸಿದರು. ಡ್ರೈವರು ಮೊದಲು ಬಾಯಿಗೆ ಬಂದಂತೆ ಬೈದು, ಇಳಿದು ಬಂದು ನೋಡಿದ ಮೇಲೆ ತನ್ನ ಫ್ಲಾಸ್ಕಿನ ಚಹಾವನ್ನೆಲ್ಲ ಅವರಿಗೇ ಕುಡಿಸಿದ. ನಾನು ಎರಡು ಗಂಟೆ ಅಲ್ಲೇ ನಿಂತಿದ್ದೆ. ಅವತ್ತು ನನ್ನ ತರಗತಿಗೆ ಅರ್ಧ ದಿನ ರಜ.

"ಇದನ್ನ ಮನೇಲಿ ಒಂದಿನಾನೂ ಹೇಳ್ಲಿಲ್ವಲ್ಲ ಅಬ್ಬಾ?" ಎಂದಳು ಅಸ್ಮಾ.

"ಯಾರಾದ್ರೂ ಕೇಳಿದ್ರಾ?" ಎಂದು ಅವರು ಮುಂದೆ ನಡೆದರು. ಅಸ್ಮಾ ಹಿಂದೆಯೇ ನಡೆದಳು. ಅವಳ ಕಣ್ಣು ಮಾವನ ಕಾಲಿನ ಮೇಲೇ ಇತ್ತು.

ಎರಡನೆಯ ಕಿಲೋಮೀಟರು ಕಲ್ಲಿನಿಂದ ಆಚೆ ಈ ದಾರಿಯ ಕಷ್ಟದ ಭಾಗ. ಅಲ್ಲಿ ಹಳಿ ಹಾಸಿದ ಮಣ್ಣಿನ ಏರಿಯ ಅಡಿಯಲ್ಲಿ ಒಂದು ಹಳ್ಳ ಹರಿಯುತ್ತದೆ. ಅದರ ಮೇಲೆ ಹಳಿ ಹೋಗಲು ಕಟ್ಟಿದ್ದ ಮೋರಿಗೆ ಜಲ್ಲಿಯೂ ಇಲ್ಲ, ಹಾಸೂ ಇಲ್ಲ. ದಪ್ಪ ಮರದ ತೊಲೆಗಳಷ್ಟೇ ಇದ್ದವು, ಅವೂ ಕೊಳೆತು ಉದುರಿವೆ. ಈಗ ಎರಡಾಳು ಆಳದ ಕಂದಕ, ಮೇಲೆ ಜೋತಾಡುವ ಹಳಿ, ಅದನ್ನೆಲ್ಲ ಮುಚ್ಚಿರುವ ಬಳ್ಳಿ. ಗೊತ್ತಿಲ್ಲದವರು ಕಾಲಿಟ್ಟರೆ ಕೆಳಗೇ. ಮೋರಿಗೆ ಸ್ವಲ್ಪ ಮುಂಚೆ ಎಡಗಡೆಗೆ ಗ್ಯಾಂಗಿನವರು ಕಟ್ಟಿದ ಕಲ್ಲು ಮೆಟ್ಟಿಲುಗಳಿವೆ. ಅಲ್ಲಿ ಇಳಿದು ಹಳ್ಳ ದಾಟಿ ಹತ್ತಬೇಕು.

ಜಿಯಾವುಲ್ಲಾ ಕಲ್ಲನ್ನು ಕೋಲಿನಿಂದ ಮುಟ್ಟಿ, "ಇಲ್ಲಿಂದ ಮೆಟ್ಲಿಗೆ ನಾನೂರ ಹನ್ನೆರಡು ಸ್ಲೀಪರ್. ಕಣ್ಣು ಕಟ್ಟಿ ಬಿಟ್ರೂ ಹೋಗ್ತೀನಿ" ಎಂದು ಅಸ್ಮಾಳ ಕಡೆ ನೋಡಿದರು. ಸ್ಲೀಪರು ಕಾಣದಿದ್ದರೇನಂತೆ, ಅವರ ಹೆಜ್ಜೆಯೇ ಸ್ಲೀಪರಿನ ಅಳತೆ. ಒಂದು ಹೆಜ್ಜೆಗೆ ಒಂದು. ಅಷ್ಟು ವರ್ಷವೂ ಹಾಗೆಯೇ ನಡೆದದ್ದು.

ಎಣಿಸುತ್ತ ಹೋದರು. ಮುನ್ನೂರು. ಮುನ್ನೂರೈವತ್ತು. ನಾನೂರ ಹನ್ನೆರಡು ಎಂದು ನಿಂತು, ಎಡಕ್ಕೆ ತಿರುಗಿ, ಲಾಂಟಾನದ ಪೊದೆಯನ್ನು ಕೋಲಿನಿಂದ ಸರಿಸಿ, "ಬನ್ನಿ, ಇಲ್ಲೇ ಮೆಟ್ಲು" ಎಂದು ಇಳಿದರು. ಅಸ್ಮಾ ಅವರ ಹಿಂದೆಯೇ ಇಳಿದಳು. ಸೀರೆ ಎತ್ತಿ ಕಟ್ಟಿಕೊಳ್ಳಲು ನಾನು ಏರಿಯ ಮೇಲೇ ನಿಂತೆ.

ಕೆಳಗಿನಿಂದ ಮೊದಲು ಮುಳ್ಳು ಎಳೆಯುವ ಸದ್ದು. ಆಮೇಲೆ ಅಸ್ಮಾಳ ದನಿ.

"ಅಬ್ಬಾ, ಮೆಟ್ಲು ಎಲ್ಲಿ?"

"ಇಲ್ಲೇ ಇರ್ಬೇಕು."

"ಇಲ್ಲಿ ಬರೀ ಕೆಸರು. ಕಾಲು ಹೂತೋಗ್ತಾ ಇದೆ."

"ಯಾರೋ ಮೆಟ್ಲು ಕಿತ್ತುಬಿಟ್ಟಿದ್ದಾರೆ. ಮೋರೀನೂ ಮುಚ್ಚಿದ್ದಾರೆ ಅಂತ ಕಾಣುತ್ತೆ" ಎಂದರು ಜಿಯಾವುಲ್ಲಾ. ಆ ದನಿಯಲ್ಲಿ ಅವರಿಗೇ ನಂಬಿಕೆಯಿರಲಿಲ್ಲ.

ಇಬ್ಬರೂ ಗೀಚಿಸಿಕೊಂಡು ಮೇಲೆ ಬಂದರು. ಅಸ್ಮಾಳ ದುಪಟ್ಟಾ ಹರಿದಿತ್ತು, ಹೊಸ ಶೂ ಕೆಸರಾಗಿತ್ತು. ಅವಳು ಒಂದು ಮಾತನ್ನೂ ಗಟ್ಟಿಯಾಗಿ ಆಡಲಿಲ್ಲ. ಅದೇ ಕಷ್ಟವಾಯಿತು. "ವಾಪಸ್ ಹೋಗೋಣ ಅಬ್ಬಾ" ಎಂದಳು, ಅಷ್ಟೇ.

ಜಿಯಾವುಲ್ಲಾ ಹಳಿಯ ಮೇಲೆ ಕುಳಿತುಬಿಟ್ಟರು. ಮುಂದೆ ನೋಡಿದರು, ಹಿಂದೆ ನೋಡಿದರು. ಎರಡೂ ಕಡೆ ಒಂದೇ ಬಗೆಯ ಹಸಿರು. ಆಮೇಲೆ ಕೋಲನ್ನು ಅಡ್ಡಲಾಗಿ ಹಿಡಿದು ಸೊಸೆಯ ಕಡೆಗೆ ನೀಡಿದರು. "ತಗೋ ಬೇಟಿ. ಅಟ್ಟದ ಮೇಲಿಡು."

ಅಸ್ಮಾ ಅದನ್ನು ತೆಗೆದುಕೊಳ್ಳಲಿಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದು ಅವರಿಗೆ ಕೊಟ್ಟಳು.

ನಾನು ಅವರ ಬೆನ್ನನ್ನು ನೋಡುತ್ತ ನಿಂತಿದ್ದೆ. ಬೆನ್ನು ಬಾಗಿತ್ತು. ಈ ಜಾಗದಲ್ಲಿ ಈ ಬೆನ್ನಿನ ಹಿಂದೆ ನಾನು ಎರಡು ಸಾವಿರಕ್ಕೂ ಹೆಚ್ಚು ಸಲ ನಡೆದಿರಬೇಕು. ನಾನು ಸ್ಲೀಪರು ಎಣಿಸಿದವಳಲ್ಲ. ಕೇಳಿಸಿಕೊಂಡು ನಡೆದವಳು. ಎರಡನೆಯ ತಿರುವು ಇರುವುದು ಆ ಮೋರಿಯ ಮೇಲೇ. ಅಲ್ಲಿಂದ ಬರುತ್ತಿದ್ದ ಮೂರು ಏಟು ಬೇರೆ ಏಟುಗಳಂತಿರಲಿಲ್ಲ. ದೇವಸ್ಥಾನದ ಗಂಟೆಯ ಹಾಗೆ ಬಹಳ ಹೊತ್ತು ಗುಂಯ್ ಎನ್ನುತ್ತಿತ್ತು. ಕೆಳಗೆ ನೆಲವಿಲ್ಲದ ಕಡೆ ಹಳಿ ಹಾಗೆ ಹಾಡುತ್ತದೆ.

ನಾನು ಕೋಲನ್ನು ತೆಗೆದುಕೊಂಡೆ. ಕಬ್ಬಿಣದ ಬಳೆಯಿಂದ ಹಳಿಗೆ ಒಂದು ಏಟು ಹಾಕಿದೆ. ಒದ್ದೆ ಮಡಕೆಗೆ ಬಡಿದ ಹಾಗೆ ಮಂಕು ಸದ್ದು. ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಹೊಡೆದೆ. ಅದೇ ಮಂಕು.

"ಆಂಟಿ, ಎಲ್ಲಿಗೆ ಹೋಗ್ತಿದೀರಾ? ಹುಷಾರು!" ಎಂದು ಅಸ್ಮಾ ಕೂಗಿದಳು.

ಮತ್ತೆ ಹತ್ತು ಹೆಜ್ಜೆ, ಮತ್ತೆ ಒಂದು ಏಟು. ಹುಲ್ಲನ್ನು ಕೋಲಿನಿಂದ ಒತ್ತಿ ನೆಲ ಗಟ್ಟಿಯಿದೆಯೆಂದು ನೋಡಿಕೊಂಡೇ ಕಾಲಿಡುತ್ತಿದ್ದೆ. ಐದನೆಯ ಸಲವೋ ಆರನೆಯ ಸಲವೋ ನೆನಪಿಲ್ಲ. ಕೋಲು ಬಿದ್ದದ್ದೇ ತಡ, ಟಣ್ ಎಂದು ಎದ್ದ ಸದ್ದು ಗುಂಯ್ ಎನ್ನುತ್ತ ಉಳಿಯಿತು.

ಹಿಂದೆ ಜಿಯಾವುಲ್ಲಾ ಎದ್ದು ನಿಂತಿದ್ದರು. "ಅಲ್ಲೇ ನಿಲ್ಲಿ ಟೀಚರಮ್ಮ! ಒಂದ್ ಹೆಜ್ಜೇನೂ ಇಡ್ಬೇಡಿ!" ನಾಗರಹಾವಿನ ದಿನ ಕೇಳಿದ ದನಿ ಅದು. ನಾನು ಅಲ್ಲೇ ನಿಂತೆ. ಕೋಲು ಚಾಚಿ ಬಳ್ಳಿಯನ್ನು ಸರಿಸಿದರೆ ಮೂರು ಮಾರು ಮುಂದೆ ಕತ್ತಲೆಯ ಬಾಯಿ, ಕೆಳಗೆ ಹಳ್ಳದ ನೀರಿನ ಮಿಣುಕು. ನನ್ನ ಎಡಗಡೆ, ತೊಂಡೆಬಳ್ಳಿಯ ಕೆಳಗೆ, ಕಲ್ಲಿನ ಮೊದಲ ಮೆಟ್ಟಿಲು.

ಅವರು ಹತ್ತಿರ ಬಂದು ಮೆಟ್ಟಿಲನ್ನು ನೋಡಿ, ನನ್ನನ್ನು ನೋಡಿ, "ನಿಮಗೆ ಹೇಗ್ ಗೊತ್ತಾಯ್ತು?" ಎಂದರು.

"ನೀವೇ ದಿನಾ ಇಲ್ಲಿ ಮೂರು ಸಲ ಹೊಡೀತಿದ್ರಲ್ಲ. ತಿರುವಲ್ಲಿ ಕೀ ಜಾಸ್ತಿ ಜಾರೋದಾ?"

ಅವರು ಮುಖ ಬೇರೆ ಕಡೆ ತಿರುಗಿಸಿದರು. "ಕೀಗೆ ಹೊಡೆದ್ರೆ ಆ ಸದ್ದು ಬರಲ್ಲ ಟೀಚರಮ್ಮ. ಅದು ಹಳಿಗೇ ಹೊಡೀತಿದ್ದಿದ್ದು. ನೀವು ಹಿಂದೆ ಒಬ್ರೇ ಬರ್ತಿದ್ರಲ್ಲ, ನಾನಿದೀನಿ ಅಂತ ಗೊತ್ತಾಗ್ಲಿ ಅಂತ." ಮೆಟ್ಟಿಲ ಮೇಲಿನ ಬಳ್ಳಿ ಸರಿಸುತ್ತ, "ಅದು ಡ್ಯೂಟಿ ಅಲ್ಲ. ಇನ್‌ಸ್ಪೆಕ್ಟರ್‌ಗೆ ಗೊತ್ತಾಗಿದ್ರೆ ಬೈಸ್ಕೋಬೇಕಿತ್ತು" ಎಂದರು.

ಅದಕ್ಕೆ ನಾನು ಏನಾದರೂ ಹೇಳಬೇಕಿತ್ತು. ಇಷ್ಟು ಹೇಳಿದೆ: "ಅದು ಕೇಳಿಸ್ತಿತ್ತು ಸಾಹೇಬ್ರೇ. ಹನ್ನೊಂದು ವರ್ಷಾನೂ ಕೇಳಿಸ್ತು. ತುಂಬಾ ಉಪಕಾರ ಆಯ್ತು." ಇಪ್ಪತ್ತೊಂಬತ್ತು ವರ್ಷ ತಡವಾಗಿ ಹೇಳಿದೆ. ಅವರು ತಲೆಯಾಡಿಸಿ ಮೆಟ್ಟಿಲಿಳಿದರು. ಅಸ್ಮಾ ನಮ್ಮಿಬ್ಬರನ್ನೂ ನೋಡುತ್ತ ಕಡೆಯಲ್ಲಿ ಇಳಿದಳು.

ಬಂಡೆಪಾಳ್ಯದಲ್ಲಿ ಪಂಚಪ್ಪನವರು ಅಂಗಡಿಯ ಮುಂದೆಯೇ ನಿಂತಿದ್ದರು. "ಏನ್ ಸಾಬ್ರೇ, ನಾಕ್ ತಿಂಗ್ಳು ಆಳೇ ಪತ್ತೆ ಇಲ್ಲ. ಇವತ್ತೂ ಒಂದ್ ಗಂಟೆ ಲೇಟು. ನಿಮಗಿಂತ ಗೂಡ್ಸ್ ಗಾಡೀನೇ ವಾಸಿಯಾಗಿತ್ತು ಬುಡಿ!"

"ಇನ್‌ಸ್ಪೆಕ್ಷನ್ ಇತ್ತು ಪಂಚಪ್ಪ. ಅಧಿಕಾರಿಗಳು ಬಂದಿದ್ದಾರೆ" ಎಂದು ಜಿಯಾವುಲ್ಲಾ ಸೊಸೆಯನ್ನು ತೋರಿಸಿದರು.

ಪಂಚಪ್ಪ ಅಸ್ಮಾಳ ಕೆಸರಿನ ಶೂ, ಹರಿದ ದುಪಟ್ಟಾ, ತಲೆಯಲ್ಲಿ ಸಿಕ್ಕಿಕೊಂಡಿದ್ದ ಲಾಂಟಾನದ ಹೂವು ಎಲ್ಲವನ್ನೂ ನೋಡಿ, "ಇಂಗೆ ಲೈನ್ ಮೇಲೆ ನಡ್ಕಂಡ್ ಬಂದ ಮೊದಲ್ನೇ ಅಧಿಕಾರಿ ನೀವೇ ಕಣವ್ವ. ಅವ್ರೆಲ್ಲ ಟ್ರಾಲೀಲಿ ಕುಂತ್ಕಂಡು ಬರೋರು" ಎಂದು ಬೆಂಚು ಒರೆಸಿಕೊಟ್ಟರು. ಅವತ್ತು ಅಸ್ಮಾ ಮೊದಲ ಸಲ ನಕ್ಕಳು.

ಫಖ್ರುನ್ನೀಸಾ ಮೂರು ಡಬ್ಬಿ ಕಳಿಸಿದ್ದರು. ನನ್ನದರ ಮುಚ್ಚಳಕ್ಕೆ ಗುರುತಿಗೆ ಹಸಿರು ದಾರ ಕಟ್ಟಿತ್ತು. ಒಳಗೆ ಚಪಾತಿ, ಹುಣಸೆ ಚಟ್ನಿ. ಯಾವ ಭಾನುವಾರವೂ ಆ ದಾರ ತಪ್ಪಿದ್ದಿಲ್ಲ. ಜಿಯಾವುಲ್ಲಾ ಮಾತ್ರ ತಮ್ಮ ಡಬ್ಬಿಯನ್ನು ತೆರೆಯದೆ ಕುಳಿತಿದ್ದರು. ಬೀಳಲಿಲ್ಲ, ಸರಿ. ದಾರಿ ತಪ್ಪಿದ್ದು ಮೂವರಿಗೂ ಗೊತ್ತು.

"ಬಸ್ಸಲ್ಲಿ ಹೋಗೋಣ್ವಾ ಬೇಟಿ?" ಎಂದು ತಾವೇ ಕೇಳಿದರು. ಅವರ ಬಾಯಲ್ಲಿ ನಾನು ಆ ಮಾತನ್ನು ಕೇಳಿದ್ದು ಅದೇ ಮೊದಲು.

"ಯಾಕೆ? ಆ ಕಡೆ ಹಳಿ ಯಾರು ನೋಡ್ತಾರೆ?" ಎಂದಳು ಅಸ್ಮಾ. ಈ ಮಾತು ಅವಳ ಮನೆಯಲ್ಲಿ ಎಷ್ಟು ಸಲ ಬಂದಿತ್ತೋ ಏನೋ.

ಬರುವಾಗ ಹಳ್ಳ ದಾಟಿ ಮೆಟ್ಟಿಲು ಹತ್ತಿದ ಮೇಲೆ ಅವಳು ಮಾವನನ್ನು ತಡೆದಳು. "ಇಲ್ಲಿಂದ ಆ ಕಲ್ಲಿನ ತನಕ ಸುಮ್ನೆ ನಡೀರಿ. ನೀವು ಎಣಿಸ್ಬೇಡಿ" ಎಂದು, ತಾನು ಅವರ ಪಕ್ಕದಲ್ಲಿ ತುಟಿಯಾಡಿಸುತ್ತ ನಡೆದಳು. ಮಾತ್ರೆ ಎಣಿಸಿ ಕೊಡುವವರ ಎಣಿಕೆ ಅದು, ಒಂದೂ ಬಿಡುವುದಿಲ್ಲ. ನಾನು ಹಿಂದೆ. ಆಗ ನನಗೆ ಕಾಣಿಸಿತು. ಹೆಜ್ಜೆಗಳು ಇಂದಿಗೂ ಒಂದೇ ಸಮ. ಆದರೆ ಆ ಸಮದ ಅಳತೆಯೇ ಮೊದಲಿಗಿಂತ ನಾಲ್ಕು ಬೆರಳಿನಷ್ಟು ಚಿಕ್ಕದಾಗಿತ್ತು. ಕೊರಳ ದನಿ ಬದಲಾದದ್ದು ತನಗೇ ತಿಳಿಯದಿರುವಂತೆ, ಅವರ ಕಾಲಿಗೆ ಅದು ತಿಳಿದಿರಲಿಲ್ಲ. ಮನೆಯಲ್ಲಿ ಬದಲಾಗಿ ಕಂಡದ್ದು ಇದೇ.

ಕಲ್ಲಿನ ಹತ್ತಿರ ಅಸ್ಮಾ ನಿಂತಳು. "ನಾನೂರ ಅರವತ್ತೆಂಟು" ಎಂದಳು.

ಜಿಯಾವುಲ್ಲಾಗೆ ಮೊದಲು ಅರ್ಥವಾಗಲಿಲ್ಲ.

"ಮೋರಿ ಎಲ್ಲೂ ಹೋಗಿಲ್ಲ ಅಬ್ಬಾ, ಮೆಟ್ಲೂ ಯಾರೂ ಕಿತ್ತಿಲ್ಲ. ಆರು ವಾರ ಪ್ಲಾಸ್ಟರ್ ಹಾಕಿದ ಕಾಲು. ಹೆಜ್ಜೆ ಚಿಕ್ಕದಾಗಿದೆ. ಹಳೇ ಲೆಕ್ಕ ಬಿಡಿ. ಇನ್ಮೇಲೆ ನಾನೂರ ಅರವತ್ತೆಂಟು."

"ಇನ್ಮೇಲೆ?" ಎಂದರು ಅವರು. ನಾನೂ ಮನಸ್ಸಿನಲ್ಲೇ ಅದೇ ಮಾತನ್ನು ಹೇಳಿಕೊಂಡೆ.

"ಷರತ್ತು ಷರತ್ತೇ. ದಾರಿ ತಪ್ಪಿದ್ರಿ. ಅದಕ್ಕೆ ಮುಂದೆ ನಡೆಯೋ ಕೆಲಸ ನಿಮ್ಗಿಲ್ಲ. ಕೋಲು ಆಂಟಿ ಹತ್ರ ಇರ್ಲಿ. ಅವ್ರು ಮುಂದೆ, ನೀವು ಹಿಂದೆ. ಒಪ್ಕೊಂಡ್ರೆ ಭಾನುವಾರ ನಿಮ್ದು."

"ಕೀಮ್ಯಾನ್ ಹಿಂದೆ ನಡೆಯೋದಾ?"

"ಹೂಂ. ಇಪ್ಪತ್ತು ಸ್ಲೀಪರ್ ಬಿಟ್ಟು" ಎಂದಳು ಅಸ್ಮಾ. "ನಿಮ್ಮ ಲೆಕ್ಕದಲ್ಲಿ ಇಪ್ಪತ್ಮೂರು."

ಅವರು ಕಲ್ಲಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ದಾರಿಯ ಅಂಚಿಗೆ ಸರಿದು, ನನಗೆ ದಾರಿ ಬಿಟ್ಟರು. "ನಡೀರಿ ಟೀಚರಮ್ಮ" ಎಂದರು.

ಅಂದಿನಿಂದ ಹಾಗೆಯೇ ನಡೆಯುತ್ತಿದ್ದೇವೆ. ತಿಂಗಳಿಗೊಂದು ಸಲ ಅಸ್ಮಾಳೂ ಬರುತ್ತಾಳೆ, ಅದೇ ಶೂ, ಅದೇ ಚೀಲ. ಬೇರೆ ಭಾನುವಾರಗಳಲ್ಲಿ ನಾವಿಬ್ಬರೇ. ಮುಂದೆ ನಡೆಯುವುದೆಂದರೆ ಎಷ್ಟು ಕೆಲಸವೆಂದು ಈಗ ನನಗೆ ಗೊತ್ತಾಗಿದೆ. ಹಾವಿದೆಯೇ ನೋಡಬೇಕು, ಮುಳ್ಳು ಸರಿಸಬೇಕು, ಹಿಂದಿನವರು ಬರುತ್ತಿದ್ದಾರೆಯೇ ಎಂದು ತಿರುಗಿ ನೋಡದೆಯೇ ತಿಳಿದುಕೊಳ್ಳಬೇಕು. ಇದನ್ನೆಲ್ಲ ಅವರು ಸುತ್ತಿಗೆಯ ಕೆಲಸದ ಜೊತೆಗೆ ಮಾಡುತ್ತಿದ್ದರು.

ಕಳೆದ ವಾರ ಮೊದಲ ತಿರುವಿಗೆ ಬಂದಾಗ ಹಿಂದೆ ಅವರು ಮರೆಯಾದರು. ನಾನು ನಿಂತು ಹಳಿಗೆ ಮೂರು ಸಲ ಹೊಡೆದೆ.

"ಟೀಚರಮ್ಮ, ಅದು ಡ್ಯೂಟಿ ಅಲ್ಲ!" ಎಂದು ಗಿಡಗಳ ಹಿಂದಿನಿಂದ ಕೂಗು ಬಂತು.

ಇನ್ನೂ ಮೂರು ಸಲ ಹೊಡೆದು ಮುಂದೆ ನಡೆದೆ.